ಉದ್ಯಾನದ ಗೋಡೆಯೂ ಏಣಿಯ ಮೆಟ್ಟಿಲೂ

ನಮ್ಮ ಬಡಾವಣೆಯ ಅಂಚಿನಲ್ಲಿ ಒಂದು ಉದ್ಯಾನವಿದೆ. ಊರಿನ ಹೊರಗೆ ಹೆಸರು ಹೇಳಿಕೊಳ್ಳುವಂಥದ್ದೇನೂ ಅಲ್ಲ. ಎರಡು ಎಕರೆಯಷ್ಟು ನೆಲ, ಹತ್ತಾರು ಹೊಂಗೆಯ ಮರ, ನಾಲ್ಕು ಆಕಾಶಮಲ್ಲಿಗೆ, ನೀರು ಕಂಡು ಬಹುಕಾಲವಾದ ಒಂದು ಕಾರಂಜಿ, ಆರು ಸಿಮೆಂಟಿನ ಬೆಂಚು. ನಿವೃತ್ತನಾದ ಮೇಲೆ ಬೆಳಗಿನ ಒಂದು ಗಂಟೆಯನ್ನು ನಾನು ಕಳೆಯುವುದು ಅಲ್ಲಿಯೇ. ಅದರ ಪೂರ್ವದ ಬಾಗಿಲು ನಮ್ಮ ಮನೆಗಳ ಕಡೆಗೆ ತೆರೆದುಕೊಂಡಿದೆ. ಪಶ್ಚಿಮದ ಬಾಗಿಲು ಹಳೆಯ ಕೇರಿಯ ಕಡೆಗೆ. ಕೇರಿಯ ಜನ ಮಾರುಕಟ್ಟೆಗೆ ಹೋಗಲು ಈ ಉದ್ಯಾನವನ್ನು ಹಾದೇ ಹೋಗುವುದು ರೂಢಿ. ಬಡಾವಣೆ ಹುಟ್ಟುವ ಮೊದಲು ಅಲ್ಲೊಂದು ಗುಂಡುತೋಪಿತ್ತೆಂದೂ ಕಾಲುದಾರಿ ಆ ಕಾಲದ್ದೆಂದೂ ಹಿರಿಯರು ಹೇಳುತ್ತಾರೆ.

ಎರಡು ವರ್ಷಗಳ ಹಿಂದೆ ಬಡಾವಣೆಯವರೆಲ್ಲ ಒಂದು ಸಂಜೆ ಸಭೆ ಸೇರಿದೆವು. ದೂರುಗಳಿಗೆ ಕೊರತೆಯಿರಲಿಲ್ಲ, ಅವು ಸುಳ್ಳು ದೂರುಗಳೂ ಆಗಿರಲಿಲ್ಲ. ರಾತ್ರಿ ಹುಡುಗರು ಗೋಡೆ ಹಾರಿ ಬಂದು ಕುಡಿಯುತ್ತಾರೆ, ಬೆಳಿಗ್ಗೆ ಮಕ್ಕಳ ಕಾಲಿಗೆ ಬಾಟಲಿಯ ಚೂರು ಚುಚ್ಚುತ್ತದೆ. ನಲ್ಲಿಯ ಹಿತ್ತಾಳೆ ತಿರುಪು ಎರಡು ಸಲ ಕಳುವಾಗಿದೆ. ನೆಟ್ಟ ಸಸಿಯನ್ನು ಮೇಕೆ ಮೇಯುತ್ತವೆ. ದೀಪವಿಲ್ಲ, ಕಾವಲಿಲ್ಲ, ಕೇಳುವವರಿಲ್ಲ. ಕೊನೆಗೆ ಒಬ್ಬ ನೆರೆಯವರು ನನ್ನ ಕಡೆ ತಿರುಗಿ, “ಮೇಷ್ಟ್ರೇ, ನೀವು ಕನ್ನಡ ಪಾಠ ಹೇಳಿದವರು. ಪುರಸಭೆಯವರ ಮನಸ್ಸಿಗೆ ನಾಟುವಂತೆ ಒಂದು ಅರ್ಜಿ ಬರೆದುಕೊಡಿ” ಎಂದರು. ಬರೆದುಕೊಟ್ಟೆ. “ಹೊರಗಿನವರ ಅತಿಕ್ರಮ ಪ್ರವೇಶವನ್ನು ತಡೆಗಟ್ಟಲು ಪಶ್ಚಿಮದ ಬಾಗಿಲನ್ನು ಮುಚ್ಚಿಸತಕ್ಕದ್ದು” ಎಂಬ ವಾಕ್ಯ ನನ್ನದೇ. ಮೂವತ್ತೊಂದು ಮಂದಿ ರುಜು ಹಾಕಿದರು. ವಾಕ್ಯರಚನೆ ಚೆನ್ನಾಗಿದೆಯೆಂದು ಕೆಲವರು ಹೊಗಳಿದಾಗ ನಾನು ಸಂತೋಷಪಟ್ಟೆನೆಂಬುದನ್ನೂ ಮುಚ್ಚಿಡಲಾರೆ. ಆ ಅರ್ಜಿಯ ಫಲವೇನಾಯಿತೆಂಬುದನ್ನು ಕೊನೆಯಲ್ಲಿ ಹೇಳುತ್ತೇನೆ.

‘ಅತಿಕ್ರಮ’ ಎಂಬ ಮಾತು ನನ್ನನ್ನು ಆಮೇಲೂ ಬಿಡಲಿಲ್ಲ. ‘ಕ್ರಮ’ ಎಂದರೆ ವ್ಯವಸ್ಥೆ ಎಂಬುದು ನಮಗೆಲ್ಲ ಪರಿಚಿತವಾದ ಅರ್ಥ. ಆದರೆ ಅದರ ಮೂಲಾರ್ಥ ಹೆಜ್ಜೆ. ಮೂರು ಹೆಜ್ಜೆಯಲ್ಲಿ ಲೋಕವನ್ನು ಅಳೆದವನು ತ್ರಿವಿಕ್ರಮ. ಒಂದೇ ಮಾತು ನಡೆಯುವವನ ಹೆಜ್ಜೆಗೂ ಆಳುವವನ ಕಟ್ಟಳೆಗೂ ಹೆಸರಾಗಿ ನಿಂತಿದೆ. ಯಾವ ಹೆಜ್ಜೆ ಕ್ರಮ, ಯಾವುದು ಅತಿಕ್ರಮ ಎಂದು ನಿರ್ಣಯಿಸುವವರು ಯಾರು? ಈ ಪ್ರಶ್ನೆಯ ಬೆನ್ನು ಹತ್ತಿದಾಗ ನನಗೆ ಮೊದಲು ನೆನಪಾದದ್ದು ನಮ್ಮ ಕಾವ್ಯಗಳೇ.

ಮಹಾಕಾವ್ಯದ ಹದಿನೆಂಟು ವರ್ಣನೆಗಳಲ್ಲಿ ಉದ್ಯಾನಕ್ರೀಡೆಯೂ ಒಂದು. ಹಳಗನ್ನಡದ ಕವಿಗಳು ಮಾವು ಮಲ್ಲಿಗೆಗಳನ್ನು, ಕೋಗಿಲೆ ದುಂಬಿಗಳನ್ನು ಮನದಣಿಯೆ ಬಣ್ಣಿಸಿದ್ದಾರೆ. ಆದರೆ ಆ ಬನಗಳೆಲ್ಲ ಅರಸನವು. ಬೇಲಿಯ ಹೊರಗೆ ನಿಂತವನ ಕಣ್ಣಿಗೆ ಆ ಬನ ಹೇಗೆ ಕಂಡಿತೆಂಬುದು ವರ್ಣನೆಯ ವಿಷಯವಾದದ್ದು ಅಪರೂಪ. ರಾಮಾಯಣದ ಸುಂದರಕಾಂಡದಲ್ಲಿ ಮಾತ್ರ ಒಂದು ಸೊಗಸಾದ ಪ್ರಸಂಗವಿದೆ. ಸೀತೆಯ ಸುದ್ದಿ ತಿಳಿದು ಹಿಂದಿರುಗುವ ಕಪಿಗಳು ಸುಗ್ರೀವನ ಮಧುವನಕ್ಕೆ ನುಗ್ಗಿ ಜೇನು ಕುಡಿದು ಕುಣಿಯುತ್ತವೆ. ಕಾವಲಿನ ದಧಿಮುಖ ಪೆಟ್ಟು ತಿಂದು ದೊರೆಯ ಬಳಿಗೆ ದೂರು ಒಯ್ಯುತ್ತಾನೆ. ಸುಗ್ರೀವ ಸಿಟ್ಟಾಗುವುದಿಲ್ಲ. ಕಾರ್ಯ ಸಾಧಿಸದೆ ಇವರು ಹೀಗೆ ವರ್ತಿಸುವವರಲ್ಲ, ಸೀತೆ ಸಿಕ್ಕಿರಬೇಕು ಎಂದು ಊಹಿಸುತ್ತಾನೆ. ದೂರಿನ ಹಿಂದಿರುವ ಸಂಗತಿಯನ್ನು ಕೇಳಿಸಿಕೊಳ್ಳುವುದು ಒಳ್ಳೆಯ ಪಾರುಪತ್ಯದ ಲಕ್ಷಣವೆಂದು ಆದಿಕವಿ ಅಂದೇ ಸೂಚಿಸಿದಂತಿದೆ.

ಅರಸನ ಬನ ಜನರ ಉದ್ಯಾನವಾಗುವುದು ಲೋಕದ ಇತಿಹಾಸದಲ್ಲಿ ತೀರ ಈಚಿನ ಸಂಗತಿ. ಅದು ಅರಸರ ಔದಾರ್ಯದಿಂದಷ್ಟೇ ಆದದ್ದೂ ಅಲ್ಲ. ಹಲವು ಕಡೆ ಗೋಡೆಯ ಹೊರಗಿನ ನೆರೆಹೊರೆಯವರು ಹಟ ಹಿಡಿದು ಪಡೆದದ್ದು. ಇದಕ್ಕೆ ನಿದರ್ಶನವಾಗಿ ಇಂಗ್ಲೆಂಡಿನ ಒಂದು ಪ್ರಸಂಗವನ್ನು ತುಸು ವಿಸ್ತಾರವಾಗಿ ಹೇಳಬೇಕೆಂದಿದ್ದೇನೆ.

ಲಂಡನ್ನಿನ ನೈರುತ್ಯಕ್ಕೆ, ಥೇಮ್ಸ್ ನದಿಗೆ ಸಮೀಪದಲ್ಲಿ ರಿಚ್ಮಂಡ್ ಎಂಬ ಊರಿದೆ. 1625ರಲ್ಲಿ ಲಂಡನ್ನಿನಲ್ಲಿ ಪ್ಲೇಗು ಹಬ್ಬಿದಾಗ ದೊರೆ ಒಂದನೆಯ ಚಾರ್ಲ್ಸ್ ತನ್ನ ಆಸ್ಥಾನವನ್ನು ಅಲ್ಲಿಯ ಅರಮನೆಗೆ ಸಾಗಿಸಿದ. ಬೇಟೆ ಅವನಿಗೆ ಪ್ರಿಯವಾದ ವಿನೋದ. ಸುತ್ತಣ ಗುಡ್ಡ ಬಯಲುಗಳನ್ನು ಕಂಡು, ಜಿಂಕೆಗಳನ್ನು ಬಿಡಲು ಇದೇ ತಕ್ಕ ಜಾಗವೆಂದು ನಿಶ್ಚಯಿಸಿದ. ಆದರೆ ಆ ನೆಲವೆಲ್ಲ ಅವನದಾಗಿರಲಿಲ್ಲ. ಅದರಲ್ಲಿ ಖಾಸಗಿ ಹೊಲಗಳಿದ್ದವು, ಹಲವು ಗ್ರಾಮಗಳ ಸಮುದಾಯದ ಹುಲ್ಲುಗಾವಲುಗಳಿದ್ದವು. ನಮ್ಮ ಗೋಮಾಳ, ಗುಂಡುತೋಪುಗಳನ್ನು ನೆನೆದುಕೊಂಡರೆ ಆ ಜನ ಕಳೆದುಕೊಳ್ಳಲಿದ್ದುದೇನು ಎಂಬುದು ನಮಗೆ ಅರ್ಥವಾಗುತ್ತದೆ. ಕೆಲವರು ಮಾರಲು ಒಪ್ಪಿದರು, ಕೆಲವರು ಒಪ್ಪಲಿಲ್ಲ. ದೊರೆಯ ಸಲಹೆಗಾರರಲ್ಲೇ ಕೆಲವರು ಈ ಕೆಲಸ ಬೇಡವೆಂದು ಎಚ್ಚರಿಸಿದರೆಂದೂ, ಒಪ್ಪಿಗೆ ಪೂರ್ತಿ ದೊರೆಯುವ ಮೊದಲೇ ಗೋಡೆಯ ಕೆಲಸ ಆರಂಭವಾಯಿತೆಂದೂ ಆ ಕಾಲದ ಇತಿಹಾಸಕಾರ ಕ್ಲಾರೆಂಡನ್ ಬರೆದಿದ್ದಾನೆ. 1637ರ ಹೊತ್ತಿಗೆ ಸುಮಾರು ಎಂಟು ಮೈಲಿ ಉದ್ದದ ಇಟ್ಟಿಗೆಯ ಗೋಡೆ ಎದ್ದು ನಿಂತಿತು. ಅದರೊಳಗೆ ಎರಡು ಸಾವಿರದ ಮುನ್ನೂರು ಎಕರೆಗೂ ಮಿಕ್ಕ ನೆಲ.

ಆದರೂ ದೊರೆ ನೆರೆಯವರ ಬಾಯಿಯನ್ನು ಮುಚ್ಚಿಸಲು ಎರಡು ರಿಯಾಯಿತಿಗಳನ್ನು ಕೊಡಬೇಕಾಯಿತು. ಹಿಂದಿನಿಂದ ಇದ್ದ ದಾರಿಗಳಲ್ಲಿ ಜನ ಓಡಾಡಬಹುದು. ಬಡವರು ಸೌದೆ ಆಯ್ದುಕೊಳ್ಳಬಹುದು. ಕಾಲ್ನಡೆಯವರಿಗಾಗಿ ಗೋಡೆಗೆ ಅಲ್ಲಲ್ಲಿ ಏಣಿಮೆಟ್ಟಿಲುಗಳನ್ನು ಹಾಕಿಸಿದರು. ಈಚೆ ಹತ್ತಿ ಆಚೆ ಇಳಿಯುವುದು. ಮನುಷ್ಯ ದಾಟಬಲ್ಲ, ಜಿಂಕೆ ದಾಟಲಾರದು. ಅತಿ ಸರಳವಾದ, ಅತಿ ಜಾಣತನದ ಏರ್ಪಾಡು.

1649ರಲ್ಲಿ ದೊರೆಯ ತಲೆ ಉರುಳಿತು. ಪಾರ್ಲಿಮೆಂಟು ಈ ಉದ್ಯಾನವನ್ನು ಲಂಡನ್ ನಗರದ ವಶಕ್ಕೆ ಕೊಟ್ಟಿತು. 1660ರಲ್ಲಿ ಅರಸೊತ್ತಿಗೆ ಮರಳಿದಾಗ ಅದು ಮತ್ತೆ ಅರಮನೆಗೆ ಸೇರಿತು. ರಾಜ್ಯಕ್ರಾಂತಿಗಳು ಬಂದು ಹೋದರೂ ಏಣಿಗಳು ಇದ್ದಲ್ಲೇ ಇದ್ದವು. ಅವು ಮಾಯವಾದದ್ದು ಕ್ರಾಂತಿಯಿಂದಲ್ಲ, ಪಾರುಪತ್ಯದಿಂದ. 1727ರಲ್ಲಿ ಉದ್ಯಾನದ ಪಾರುಪತ್ಯಗಾರಿಕೆ ಪ್ರಧಾನಮಂತ್ರಿ ರಾಬರ್ಟ್ ವಾಲ್ಪೋಲನ ಮಗನಿಗೆ ದೊರೆಯಿತು. ಅಪ್ಪನಿಗೂ ಬೇಟೆಯ ಹುಚ್ಚು. ಉದ್ಯಾನ ಹಾಳುಬಿದ್ದಿತ್ತೆಂಬುದು ನಿಜ. ತಂದೆ ಮಕ್ಕಳು ಹಣ ಸುರಿದು ಅದನ್ನು ನೇರ್ಪುಗೊಳಿಸಿದರೆಂಬುದೂ ನಿಜ. ಆ ನೇರ್ಪಿನ ಜೊತೆಯಲ್ಲೇ ಬಾಗಿಲುಗಳಿಗೆ ಕಾವಲುಮನೆಗಳು ಬಂದವು, ಏಣಿಗಳನ್ನು ಕಿತ್ತರು, ಮರ್ಯಾದಸ್ಥರೆಂದು ಕಂಡವರನ್ನು ಮಾತ್ರ ಹಗಲಿನಲ್ಲಿ ಒಳಗೆ ಬಿಡುವ ಪದ್ಧತಿ ಶುರುವಾಯಿತು. ಯಾವ ಕಾನೂನನ್ನೂ ಯಾರೂ ಬದಲಾಯಿಸಲಿಲ್ಲ. ಹಕ್ಕು ಕಾಗದದಲ್ಲಿ ಹಾಗೆಯೇ ಇತ್ತು. ಕಾಲಿಡುವ ಮೆಟ್ಟಿಲು ಮಾತ್ರ ಇರಲಿಲ್ಲ.

1751ರಲ್ಲಿ ಎರಡನೆಯ ಜಾರ್ಜ್ ದೊರೆಯ ಮಗಳು ಅಮೀಲಿಯಾ ಪಾರುಪತ್ಯ ವಹಿಸಿಕೊಂಡಳು. ಈಕೆಯದು ಇನ್ನೂ ಬಿಗಿ. ತನ್ನ ಆಪ್ತರಿಗೂ ತಾನು ಚೀಟಿ ಕೊಟ್ಟವರಿಗೂ ಹೊರತು ಮತ್ತಾರಿಗೂ ಪ್ರವೇಶವಿಲ್ಲ. ನೆರೆಯವರು ಕುದಿದರು. ಕೆಲವರು ಸೇರಿ ಹೂಡಿದ ಮೊಕದ್ದಮೆ 1754ರಲ್ಲಿ ಸೋತಿತು. ದೊಡ್ಡವರು ಸುಮ್ಮನಾದರು. ಆಗ ಮುಂದೆ ಬಂದವನು ಜಾನ್ ಲೂಯಿಸ್; ರಿಚ್ಮಂಡಿನಲ್ಲಿ ಬಿಯರು ತಯಾರಿಸಿ ಮಾರುತ್ತಿದ್ದ ವ್ಯಾಪಾರಿ.

ಆತ ಮಾಡಿದ್ದನ್ನು ಗಿಲ್ಬರ್ಟ್ ವೇಕ್‌ಫೀಲ್ಡ್ ಎಂಬ ವಿದ್ವಾಂಸ ತನ್ನ ಆತ್ಮಕಥೆಯಲ್ಲಿ ವಿವರಿಸಿದ್ದಾನೆ. ಒಂದು ದಿನ ಲೂಯಿಸ್ ಸ್ನೇಹಿತನೊಬ್ಬನನ್ನು ಸಾಕ್ಷಿಗೆ ಕರೆದುಕೊಂಡು ಉದ್ಯಾನದ ಬಾಗಿಲಿಗೆ ಹೋದ. ಚೀಟಿಯುಳ್ಳವರ ಸಾರೋಟು ಒಂದು ಬಂದು, ಬಾಗಿಲು ತೆರೆಯುವವರೆಗೂ ಕಾದ. ಅದರ ಹಿಂದೆಯೇ ತಾನೂ ಹೆಜ್ಜೆಯಿಟ್ಟ. ಬಾಗಿಲು ಕಾಯುತ್ತಿದ್ದ ಮಾರ್ಥಾ ಗ್ರೇ ಎಂಬಾಕೆ ಚೀಟಿ ಕೇಳಿದಳು. ಈ ದಾರಿಯಲ್ಲಿ ಯಾರು ಬೇಕಾದರೂ ಹಾಯಬಹುದು, ಚೀಟಿಯೇಕೆ ಎಂದು ಇವನು. ಚೀಟಿಯಿಲ್ಲದೆ ಆಗದೆಂದು ಅವಳು. ಆಕೆ ತಳ್ಳಿದಳು, ಆತ ಪ್ರತಿಭಟಿಸದೆ ಹೊರಗೆ ನಿಂತು, ತನ್ನ ಮುಖದೆದುರು ಬಾಗಿಲು ಮುಚ್ಚಿಸಿಕೊಂಡ. ಗೋಡೆ ಒಡೆಯಲಿಲ್ಲ, ಗುಂಪು ಕಟ್ಟಲಿಲ್ಲ. ಅವನಿಗೆ ಬೇಕಾಗಿದ್ದದ್ದು ಒಂದು ತಳ್ಳು ಮಾತ್ರ. ಅದು ದೊರೆತೊಡನೆ ನೇರವಾಗಿ ನ್ಯಾಯಾಲಯಕ್ಕೆ ಹೋದ. ಮೊಕದ್ದಮೆ ಮಾರ್ಥಾ ಗ್ರೇಯ ಮೇಲೆ. ಆದರೆ ಎದುರಾಳಿ ರಾಜಕುಮಾರಿ ಎಂಬುದು ಯಾರಿಗೆ ತಿಳಿಯದು?

1758ರ ಏಪ್ರಿಲಿನಲ್ಲಿ ಸರ್ರೆ ಪ್ರಾಂತದ ಸಂಚಾರಿ ನ್ಯಾಯಪೀಠದೆದುರು ವಿಚಾರಣೆ ನಡೆಯಿತು. ನ್ಯಾಯಾಧೀಶ ಸರ್ ಮೈಕೆಲ್ ಫಾಸ್ಟರ್. ಲೂಯಿಸ್ ಗಾಡಿಯ ರಸ್ತೆಯನ್ನು ಕೇಳಲಿಲ್ಲ, ಉದ್ಯಾನವನ್ನು ಕೇಳಲಿಲ್ಲ. ಹಿಂದಿನಿಂದ ಬಂದ ಕಾಲುದಾರಿಯ ಹಕ್ಕನ್ನಷ್ಟೇ ಕೇಳಿದ. ತೀರ್ಪು ಅವನ ಪರವಾಯಿತು. ಈಗ ಗೋಡೆಯಲ್ಲಿ ಬಾಗಿಲಿಡಿಸಬೇಕೋ, ಏಣಿ ಹಾಕಿಸಬೇಕೋ ಎಂದು ನ್ಯಾಯಾಧೀಶ ಕೇಳಿದ. ಬಹುಮಂದಿ ಬಾಗಿಲೆನ್ನುತ್ತಿದ್ದರು, ಸುಲಭವಲ್ಲವೆ? ಲೂಯಿಸ್ ಯೋಚಿಸಿ, ಏಣಿ ಎಂದ. ಅವನ ತರ್ಕ ಇದು: ಜಿಂಕೆಗಳಿರುವುದರಿಂದ ಬಾಗಿಲನ್ನು ಸದಾ ಮುಚ್ಚಿಟ್ಟಿರಲೇಬೇಕು. ಮುಚ್ಚಿದ ಬಾಗಿಲನ್ನು ಕಂಡ ಅಪರಿಚಿತ, ತನಗೆ ಪ್ರವೇಶವಿಲ್ಲವೆಂದು ಹಿಂದಿರುಗುತ್ತಾನೆ. ಇಂದು ಮುಚ್ಚಿದ್ದಕ್ಕೆ ನಾಳೆ ಅಗಳಿ ಬೀಳುತ್ತದೆ. ಕ್ರಮೇಣ ಹಕ್ಕೇ ಅಳಿದುಹೋಗುತ್ತದೆ. ಏಣಿಗಾದರೋ ಅಗಳಿ ಹಾಕಲು ಬರುವುದಿಲ್ಲ. ಬಾಗಿಲಿನ ಸ್ವಭಾವವನ್ನು ಇಷ್ಟು ಚೆನ್ನಾಗಿ ಅರಿತವನು ತತ್ತ್ವಶಾಸ್ತ್ರ ಓದಿದವನೇನಲ್ಲ, ಸಂತೆಯ ವ್ಯಾಪಾರಿ ಎಂಬುದು ಗಮನಿಸಬೇಕಾದ ಮಾತು.

ಕಥೆ ಇಲ್ಲಿಗೇ ಮುಗಿದಿದ್ದರೆ ನಾನು ಇದನ್ನು ಹೇಳುತ್ತಿರಲಿಲ್ಲ. ಏಣಿಗಳು ಬಂದವು. ಆದರೆ ಹೇಗೆ? ಮೆಟ್ಟಿಲು ಮೆಟ್ಟಿಲಿಗೂ ಬಹಳ ಅಂತರವಿಟ್ಟು ಹಾಕಿದ್ದರು. ಗಟ್ಟಿಮುಟ್ಟಾದ ಗಂಡಸು ಹತ್ತಬಹುದು. ಮಕ್ಕಳಿಗೂ ಮುದುಕರಿಗೂ ಅಸಾಧ್ಯ. ನ್ಯಾಯಾಲಯದ ಆಜ್ಞೆಯ ಅಕ್ಷರ ಪಾಲನೆಯಾಗಿತ್ತು, ಅರ್ಥ ಸತ್ತಿತ್ತು. ಲೂಯಿಸ್ ಮತ್ತೆ ನ್ಯಾಯಾಧೀಶನ ಬಳಿಗೆ ಹೋಗಿ ದೂರಿದ. ಫಾಸ್ಟರನೂ ಅದನ್ನು ಗಮನಿಸಿದ್ದನಂತೆ. ಮಕ್ಕಳು, ಮುದುಕರು ಮಾತ್ರವಲ್ಲ, ಮುದುಕಿಯರು ಕೂಡ ಹತ್ತಿ ಇಳಿಯುವಂತಿರಬೇಕು ಎಂದು ಆಜ್ಞೆ ಮಾಡಿದ. ಅದೇ ವರ್ಷದ ಮೇ ತಿಂಗಳಲ್ಲಿ ಏಣಿಗಳು ತೆರವಾದಾಗ ಸುತ್ತಣ ಹಳ್ಳಿಗಳ ಜನ ಕಿಕ್ಕಿರಿದು ಬಂದು, ಗೋಡೆ ಹತ್ತಿ ಇಳಿದು ಸಂಭ್ರಮಿಸಿದರು. ಅಮೀಲಿಯಾ 1761ರಲ್ಲಿ ಪಾರುಪತ್ಯವನ್ನು ಬಿಟ್ಟುಕೊಟ್ಟಳು. ಲೂಯಿಸ್ ಮುಪ್ಪಿನಲ್ಲಿ ಬಡವನಾದ. ಊರವರು ಚಂದಾ ಎತ್ತಿ ಅವನಿಗೆ ವರ್ಷಾಶನ ಏರ್ಪಡಿಸಿದರು. 1792ರಲ್ಲಿ ಅವನು ತೀರಿಕೊಂಡ. ಗೋಡೆ ಇಂದಿಗೂ ಇದೆ, ಜಿಂಕೆಗಳೂ ಇವೆ, ಜನರೂ ಓಡಾಡುತ್ತಾರೆ. ಗೋಡೆಯನ್ನು ಕೆಡವಬೇಕೆಂದು ಲೂಯಿಸ್ ಎಂದೂ ಕೇಳಿರಲಿಲ್ಲವೆಂಬುದನ್ನು ಮರೆಯಬಾರದು.

ಇದು ಕಡಲಾಚೆಯ ಮಾತು. ಹಾಗೆಂದು ನಮ್ಮ ನಾಡಿನಲ್ಲಿ ಇಂಥ ಇತಿಹಾಸವಿಲ್ಲವೆಂದಲ್ಲ. ರಿಚ್ಮಂಡಿನ ಏಣಿಗಳು ಮರಳಿ ಬಂದ ಎರಡು ವರ್ಷಕ್ಕೆ, 1760ರಲ್ಲಿ, ಹೈದರಾಲಿ ಬೆಂಗಳೂರಿನಲ್ಲಿ ಲಾಲ್‌ಬಾಗನ್ನು ಆರಂಭಿಸಿದ. ಅದೂ ಅರಸನ ತೋಟವೇ. 1856ರಲ್ಲಿ ಸರ್ಕಾರಿ ಸಸ್ಯೋದ್ಯಾನವಾಯಿತು. 1870ರಲ್ಲಿ ಮುಖ್ಯ ಎಂಜಿನಿಯರ್ ರಿಚರ್ಡ್ ಸ್ಯಾಂಕಿಯ ಕಾಲದಲ್ಲಿ ರೂಪುಗೊಂಡ ಇನ್ನೊಂದು ಉದ್ಯಾನಕ್ಕೆ ಮೊದಲು ಮೀಡ್ ಸಾಹೇಬನ ಹೆಸರು, ಆಮೇಲೆ ಕಬ್ಬನ್ ಸಾಹೇಬನ ಹೆಸರು. 1927ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಬೆಳ್ಳಿಹಬ್ಬದ ಸಂದರ್ಭದಲ್ಲಿ ಚಾಮರಾಜೇಂದ್ರರ ಹೆಸರನ್ನು ಇಟ್ಟರು. ಜನ ಮಾತ್ರ ಕಬ್ಬನ್ ಪಾರ್ಕ್ ಎಂದೇ ಕರೆಯುತ್ತ ಬಂದರು. ಹೆಸರು ಅಧಿಕಾರಿಗಳದು, ದೊರೆಗಳದು, ಬಳಕೆ ಜನರದು.

ನಮ್ಮಲ್ಲಿ ಉದ್ಯಾನಕ್ಕೆ ಬಂದ ಆತಂಕದ ರೂಪ ಬೇರೆ. ರಿಚ್ಮಂಡಿನಲ್ಲಿ ಗೋಡೆ ಜನರನ್ನು ಹೊರಗಿಟ್ಟಿತು. ನಮ್ಮ ನಗರಗಳಲ್ಲಿ ಉದ್ಯಾನವೇ ಕರಗಿ ಕಟ್ಟಡವಾಗುವ ಭಯ. ಅದಕ್ಕೆಂದೇ 1975ರಲ್ಲಿ ಸರ್ಕಾರಿ ಉದ್ಯಾನಗಳ ಸಂರಕ್ಷಣೆಗೊಂದು ಕಾಯಿದೆ, 1985ರಲ್ಲಿ ಉದ್ಯಾನ, ಆಟದ ಬಯಲು ಮತ್ತು ತೆರೆದ ಜಾಗಗಳ ಸಂರಕ್ಷಣೆಗೆ ಇನ್ನೊಂದು ಕಾಯಿದೆ ಬಂದವು. ಕಾಯಿದೆಗೆ ಜೀವ ತುಂಬಿದವರು ಮಾತ್ರ ಇಲ್ಲಿಯೂ ನೆರೆಹೊರೆಯವರೇ. ಬೆಂಗಳೂರಿನ ರಾಜಮಹಲ್ ವಿಲಾಸ ಬಡಾವಣೆಯಲ್ಲಿ ನಕಾಶೆಯ ಪ್ರಕಾರ ಉದ್ಯಾನಕ್ಕೆ ಮೀಸಲಾಗಿದ್ದ ಜಾಗವೊಂದನ್ನು ಖಾಸಗಿ ನರ್ಸಿಂಗ್ ಹೋಮಿಗೆಂದು ಹಂಚಿಕೊಟ್ಟಾಗ, ಅಲ್ಲಿಯ ನಿವಾಸಿಗಳು ನ್ಯಾಯಾಲಯದ ಮೆಟ್ಟಿಲೇರಿದರು. ಮೊದಲು ಉಚ್ಚ ನ್ಯಾಯಾಲಯದ ಏಕಸದಸ್ಯ ಪೀಠದಲ್ಲಿ ಸೋತರು, ಆಮೇಲೆ ವಿಭಾಗೀಯ ಪೀಠದಲ್ಲಿ ಗೆದ್ದರು. ದೂರಲು ಇವರು ಯಾರು ಎಂಬ ಪ್ರಶ್ನೆ ಸರ್ವೋಚ್ಚ ನ್ಯಾಯಾಲಯದಲ್ಲಿಯೂ ಎದ್ದಿತು. 1991ರಲ್ಲಿ ನ್ಯಾಯಮೂರ್ತಿಗಳಾದ ಥೊಮ್ಮೆನ್ ಮತ್ತು ಸಹಾಯ್ ಅವರು ನಿವಾಸಿಗಳ ಪರವಾಗಿಯೇ ತೀರ್ಪಿತ್ತರು. ಉದ್ಯಾನಕ್ಕೆಂದು ಸಾರ್ವಜನಿಕರಿಗೆ ಮೀಸಲಿಟ್ಟ ಜಾಗ ಅಧಿಕಾರಿಗಳು ಮನಬಂದಂತೆ ಹಂಚುವ ಸ್ವತ್ತಲ್ಲ. ಅದನ್ನು ಕಳೆದುಕೊಳ್ಳುವ ನೆರೆಯವನು ದೂರಲು ಹಕ್ಕುಳ್ಳವನು. ಲೂಯಿಸನ ಮಾತು ಇನ್ನೂರ ಮೂವತ್ತಮೂರು ವರ್ಷಗಳ ಮೇಲೆ ನಮ್ಮ ನೆಲದಲ್ಲಿ ನಮ್ಮ ಭಾಷೆಯಲ್ಲಿ ಕೇಳಿಸಿತೆಂದೇ ನನಗೆ ತೋರುತ್ತದೆ.

ಈ ಎರಡು ಕಥೆಗಳಲ್ಲಿಯೂ ನೆರೆಹೊರೆಯವರೇ ನಾಯಕರು. ಇದನ್ನೆಲ್ಲ ಓದುತ್ತ ನಾನೂ ಆ ಸಾಲಿಗೆ ಸೇರಿದವನೆಂದು ಬೀಗಬಹುದಾಗಿತ್ತು. ಅರ್ಜಿ ಬರೆದವನಲ್ಲವೆ? ಆದರೆ ನನ್ನ ಅರ್ಜಿಯ ಫಲ ಕಣ್ಣೆದುರಿಗಿತ್ತು.

ನಮ್ಮ ಪುರಸಭೆಯವರು ಪಶ್ಚಿಮದ ಬಾಗಿಲನ್ನು ಮುಚ್ಚಲಿಲ್ಲ. ಕೇರಿಯವರ ಮಾತನ್ನೂ ಉಳಿಸಿ ನಮ್ಮ ಮಾತನ್ನೂ ಉಳಿಸುವ ಮಧ್ಯಮಾರ್ಗ ಹಿಡಿದರು. ಬಾಗಿಲಿದ್ದಲ್ಲಿ ಕಬ್ಬಿಣದ ಪೈಪುಗಳನ್ನು ಅಡ್ಡಡ್ಡವಾಗಿ ನೆಟ್ಟು, ಒಬ್ಬ ಮನುಷ್ಯ ಮೈ ತಿರುಗಿಸಿಕೊಂಡು ನುಸುಳುವಷ್ಟು ಸಂದಿಯನ್ನು ಬಿಟ್ಟರು. ಮೇಕೆ ಬರುವುದು ನಿಂತಿತು. ನಾವು ಸಂತೋಷಪಟ್ಟೆವು. ರಾತ್ರಿ ಕುಡಿಯಲು ಬರುವ ಹುಡುಗರಿಗೆ ಏನೂ ತೊಂದರೆಯಾಗಲಿಲ್ಲ. ಅವರು ಎಂದಿನಂತೆ ಗೋಡೆ ಹಾರಿಯೇ ಬರುತ್ತಿದ್ದರು.

ಒಂದು ಬೆಳಿಗ್ಗೆ ಆ ಸಂದಿಯ ಬಳಿ ವಯಸ್ಸಾದ ಹೆಂಗಸೊಬ್ಬಳು ಸೊಪ್ಪಿನ ಬುಟ್ಟಿಯನ್ನು ಕಂಕುಳಲ್ಲಿ ಇರುಕಿಕೊಂಡು ನಿಂತಿದ್ದಳು. ಅಗಲವಾದ ಬಿದಿರಿನ ಬುಟ್ಟಿ. ಅವಳು ತೂರಬಹುದು, ಬುಟ್ಟಿ ತೂರದು. ತಲೆಯ ಮೇಲಿಟ್ಟುಕೊಂಡರೆ ಮೇಲಿನ ಅಡ್ಡಪೈಪು ತಡೆಯುತ್ತದೆ. “ಯಾಕಮ್ಮ, ರಸ್ತೆ ಸುತ್ತಿಕೊಂಡು ಹೋಗಬಾರದೆ?” ಎಂದೆ.

“ಸುತ್ತಿ ಹೋಗೋ ಹೊತ್ಗೆ ಸಂತೆ ಕಳದೋಯ್ತದೆ ಸ್ವಾಮಿ. ಮೊದಲೆಲ್ಲ ಹಿಂಗೇ ಬರ್ತಿದ್ದೆ. ಯಾರೋ ಓದ್ದೋರು ಬರಕೊಟ್ರಂತೆ, ಅದಕ್ಕೇ ಹಿಂಗೆ ಮಾಡವ್ರೆ” ಎಂದಳು.

ಬುಟ್ಟಿಯನ್ನು ಪೈಪಿನ ಮೇಲಿಂದ ಎತ್ತಿ ಈಚೆಗೆ ಇಳಿಸಿಕೊಟ್ಟೆ. “ನಿಮ್ಮ ಹೊಟ್ಟೆ ತಣ್ಣಗಿರಲಿ” ಎಂದು ಹರಸಿ ಹೋದಳು. ಬರೆದುಕೊಟ್ಟವನು ನಾನೇ ಎಂದು ಹೇಳುವ ಧೈರ್ಯ ನನಗೆ ಬರಲಿಲ್ಲ.

ಫಾಸ್ಟರನ ತೀರ್ಪಿನಲ್ಲಿ ಮುದುಕಿಯರ ಮಾತು ಏಕೆ ಬಂದಿತೆಂಬುದು ನನಗೆ ನಿಜವಾಗಿ ಅರ್ಥವಾದದ್ದು ಅಂದು. ಹಕ್ಕನ್ನು ಕಸಿಯಲು ಕಾನೂನು ಬೇಕಿಲ್ಲ, ಕಾವಲುಗಾರನೂ ಬೇಕಿಲ್ಲ. ಮೆಟ್ಟಿಲಿನ ಅಂತರವನ್ನು ಒಂದು ಮೊಳ ಹೆಚ್ಚಿಸಿದರೆ ಸಾಕು, ಸಂದಿಯ ಅಗಲವನ್ನು ಒಂದು ಗೇಣು ತಗ್ಗಿಸಿದರೆ ಸಾಕು. ಅದರ ನೋವು ತಗಲುವುದು ಗೋಡೆ ಹಾರಬಲ್ಲವನಿಗಲ್ಲ. ಹಾರಲಾರದವರಿಗೆ ಮಾತ್ರ.

ನೆರೆಯವರ ಆತಂಕ ಸುಳ್ಳೆಂದು ನಾನು ಹೇಳಲಾರೆ. ಬಾಟಲಿಯ ಚೂರು ಇಂದಿಗೂ ಕಾಲಿಗೆ ಚುಚ್ಚುತ್ತದೆ. ಉದ್ಯಾನಕ್ಕೆ ದೀಪ ಬೇಕು, ಕಾವಲು ಬೇಕು, ಸಸಿಗೆ ಬೇಲಿಯೂ ಬೇಕು. ರಾತ್ರಿಯ ಹುಡುಗರನ್ನು ತಡೆಯುವುದು ಇವುಗಳಿಂದಲೇ ಹೊರತು ಹಗಲಿನ ಬುಟ್ಟಿಯನ್ನು ತಡೆಯುವುದರಿಂದಲ್ಲ. ‘ಹೊರಗಿನವರು’ ಎಂಬ ಒಂದೇ ಮಾತಿನಲ್ಲಿ ಆ ಹುಡುಗರನ್ನೂ ಈ ಅಮ್ಮನನ್ನೂ ಕಟ್ಟಿಹಾಕಿದ್ದು ನನ್ನ ಲೇಖನಿಯ ದೋಷ. ನಲವತ್ತು ವರ್ಷ ಮಕ್ಕಳಿಗೆ ಪದಗಳನ್ನು ತೂಗಿ ಬಳಸಬೇಕೆಂದು ಹೇಳಿಕೊಟ್ಟವನು ನಾನು.

ಕಳೆದ ತಿಂಗಳು ಇನ್ನೊಂದು ಅರ್ಜಿ ಬರೆದೆ. ಇದರಲ್ಲಿ ಸಂಧಿ ಸಮಾಸಗಳ ವೈಭವವಿಲ್ಲ. ಎರಡು ದೀಪ, ರಾತ್ರಿಗೊಬ್ಬ ಕಾವಲುಗಾರ, ಪೈಪುಗಳ ನಡುವೆ ಬುಟ್ಟಿ ಹೊತ್ತವರು ತಡೆಯಿಲ್ಲದೆ ಹಾಯುವಷ್ಟು ಅಗಲ, ಇಷ್ಟೇ. ಅಗಲವೆಷ್ಟೆಂದು ಬರೆಯುವ ಮೊದಲು ಆ ಅಮ್ಮನ ಬುಟ್ಟಿಯನ್ನು ಅಳತೆ ಪಟ್ಟಿಯಿಂದ ಅಳೆದೆ. ಏಕೆಂದು ಕೇಳಿದಳು, ಈ ಸಲ ಮುಚ್ಚಿಡಲಿಲ್ಲ. ಅವಳು ನಕ್ಕು, “ಸರಿಯಾಗಿ ಬರಕೊಡಿ ಸ್ವಾಮಿ” ಎಂದಳು.

ಮೊದಲ ಅರ್ಜಿಗೆ ರುಜು ಹಾಕಿದ ಮೂವತ್ತೊಂದು ಮಂದಿಯಲ್ಲಿ ಇದಕ್ಕೆ ಹಾಕಿದವರು ಒಂಬತ್ತು ಮಂದಿ. ಕೇರಿಯಿಂದ ಇಪ್ಪತ್ತಾರು, ಅವುಗಳಲ್ಲಿ ಹನ್ನೊಂದು ಹೆಬ್ಬೆಟ್ಟು. ಪುರಸಭೆಯಿಂದ ಇನ್ನೂ ಉತ್ತರ ಬಂದಿಲ್ಲ. ಬರುವವರೆಗೆ ಬೆಳಗಿನ ಏಳು ಗಂಟೆಗೆ ನಾನು ಪಶ್ಚಿಮದ ಸಂದಿಯ ಹತ್ತಿರದ ಬೆಂಚಿನಲ್ಲಿ ಕುಳಿತಿರುತ್ತೇನೆ. ಬುಟ್ಟಿಯನ್ನು ಈಚೆಗೆ ಎತ್ತಿಕೊಡಲು ಒಬ್ಬರು ಬೇಕಲ್ಲ.